ನೆಲದಡಿಯ ಕಾರ್ಖಾನೆಯನ್ನು ಓದುವ ಬಗೆ

ನಗರದ ನಡುಭಾಗದಲ್ಲಿ ಹಳೆಯ ಕಟ್ಟಡ ಕೆಡವಿ ತಳಪಾಯಕ್ಕೆ ನೆಲ ಅಗೆಯುವಾಗ ಮಸಿ ಹಿಡಿದ ಸುರಂಗ, ಭಾರಿ ಕಲ್ಲಿನ ಪೀಠ, ಸಾಲು ಸಾಲು ಇಟ್ಟಿಗೆ ಗೋಡೆ ಕಾಣಿಸಿಕೊಂಡರೆ ಮರುದಿನ ‘ಅಚ್ಚರಿಯ ಪತ್ತೆ’ ಎಂಬ ಸುದ್ದಿ ಬರುತ್ತದೆ. ಇಂಥ ನಿವೇಶನಗಳಲ್ಲಿ ಪುರಾತತ್ತ್ವದ ಕೆಲಸ ಮಾಡುವ ನನಗೆ ಆ ಸುದ್ದಿ ಓದಿದಾಗ ಸಂಕಟವೇ ಹೆಚ್ಚು. ಅಚ್ಚರಿಯಾಯಿತು ಎಂದರೆ ಮೊದಲೇ ಯಾರೂ ವಿಚಾರಿಸಿರಲಿಲ್ಲ ಎಂದರ್ಥ. ಅಷ್ಟರಲ್ಲಿ ಪೈಲ್‌ಗಳ, ಅಂದರೆ ಕಟ್ಟಡದ ಭಾರ ಹೊರಲು ನೆಲದೊಳಗೆ ಆಳಕ್ಕೆ ಇಳಿಸುವ ಕಂಬಗಳ, ಜಾಗ ಗುರುತಾಗಿರುತ್ತದೆ, ಗುತ್ತಿಗೆಗೆ ಸಹಿ ಬಿದ್ದಿರುತ್ತದೆ, ಯಂತ್ರಗಳ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುತ್ತದೆ. ನಮಗೆ ಉಳಿಯುವುದು ಅವಸರದಲ್ಲಿ ಒಂದಷ್ಟು ಚಿತ್ರ ತೆಗೆಯುವ ಅವಕಾಶ ಮಾತ್ರ.

ಕೈಗಾರಿಕಾ ಯುಗದ ಅವಶೇಷ ಎಲ್ಲಿದೆ ಎಂದು ಊಹಿಸುವುದು ಪ್ರಾಚೀನ ಅವಶೇಷಗಳಷ್ಟು ಕಷ್ಟವಲ್ಲ. ಬೆಂಕಿ ವಿಮೆಯ ಕಂಪನಿಗಳಿಗಾಗಿಯೇ ಅಮೆರಿಕದಲ್ಲಿ ಸ್ಯಾನ್‌ಬಾರ್ನ್ ಸಂಸ್ಥೆ 1867ರಿಂದ, ಬ್ರಿಟನ್ನಿನಲ್ಲಿ ಗೋಡ್ ಸಂಸ್ಥೆ 1886ರಿಂದ ನಗರಗಳ ನಕ್ಷೆ ತಯಾರಿಸಿದವು. ಯಾವ ಗೋಡೆ ಇಟ್ಟಿಗೆಯದು, ಯಾವುದು ಮರದ್ದು, ಬಾಯ್ಲರ್ ಎಲ್ಲಿದೆ ಎಂಬುದನ್ನೆಲ್ಲ ಅವು ಗುರುತಿಸಿವೆ. ಅಂಥ ನಕ್ಷೆಯನ್ನು ಹೊಸ ಕಟ್ಟಡದ ವಿನ್ಯಾಸದ ಮೇಲಿಟ್ಟು ನೋಡಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನವನ್ನು ಉಳಿಸಲು ಹೋಗಿ ತಿಂಗಳುಗಟ್ಟಲೆ ಕೆಲಸ ನಿಲ್ಲಿಸಿಕೊಳ್ಳುವವರು ಇದ್ದಾರೆ.

ಕಾರ್ಖಾನೆ ಮುಚ್ಚಿದಾಗ ಯಂತ್ರ ಗುಜರಿಗೆ ಹೋಗುತ್ತದೆ. ತೊಲೆ, ಹೆಂಚು, ಕಿಟಕಿಗಳಿಗೂ ಗಿರಾಕಿಗಳಿರುತ್ತಾರೆ. ನೆಲದಡಿಯ ಕಟ್ಟಣೆಯನ್ನು ಮಾತ್ರ ಯಾರೂ ಕೀಳುವುದಿಲ್ಲ, ಕಿತ್ತು ಸಾಗಿಸುವ ಖರ್ಚೇ ಜಾಸ್ತಿ. ಮೇಲಿನದನ್ನು ಒಡೆದ ಕಲ್ಲುಮಣ್ಣಿನಿಂದಲೇ ಕೆಳಗಿನದನ್ನು ಮುಚ್ಚಿ ಮುಂದಿನ ಕಟ್ಟಡ ಎಬ್ಬಿಸುತ್ತಾರೆ. ಉಗಿಯಂತ್ರದ ಪೀಠ, ಅದರ ವೇಗ ಸಮವಾಗಿಡುವ ಭಾರಿ ಚಕ್ರ (ಫ್ಲೈವೀಲ್) ತಿರುಗುತ್ತಿದ್ದ ಇಕ್ಕಟ್ಟಿನ ಗುಂಡಿ, ಬಾಯ್ಲರಿನಿಂದ ಚಿಮಣಿಗೆ ಹೋಗುವ ಹೊಗೆಮಾರ್ಗ, ನೀರಿನ ತೊಟ್ಟಿ, ಚರಂಡಿ ಹೀಗೆ ಕಾರ್ಖಾನೆಯ ಶಕ್ತಿ ಹುಟ್ಟಿ ಹರಿಯುತ್ತಿದ್ದ ದಾರಿಯ ಬಹುಪಾಲು ಇದ್ದದ್ದು ನೆಲಮಟ್ಟದಲ್ಲಿ ಅಥವಾ ಅದರ ಕೆಳಗೆ. ಉಳಿದಿರುವುದೂ ಅದೇ.

ಇದನ್ನು ಓದುವುದು ಹೇಗೆ? ಪೀಠದ ಕಲ್ಲಿನಲ್ಲಿರುವ ಬೋಲ್ಟ್ ರಂಧ್ರಗಳ ಅಂತರದಿಂದ ಯಂತ್ರದ ಉದ್ದ ಅಗಲ ತಿಳಿಯುತ್ತದೆ. ಒಂದೇ ಪೀಠದಲ್ಲಿ ಎರಡು ಅಳತೆಯ ರಂಧ್ರಗಳಿದ್ದರೆ ಹಳೆಯ ಯಂತ್ರ ತೆಗೆದು ಬೇರೊಂದನ್ನು ಕೂರಿಸಿದ್ದಾರೆ. ಬಾಯ್ಲರ್ ಹೋಗಿದ್ದರೂ ಅದನ್ನು ಹೊತ್ತಿದ್ದ ಇಟ್ಟಿಗೆ ಕಟ್ಟಣೆಯ ಆಕಾರ ಅದರ ಜಾತಿಯನ್ನು ಹೇಳುತ್ತದೆ. ಎರಡು ಬೆಂಕಿಗೊಳವೆಗಳ ಲ್ಯಾಂಕಾಶೈರ್ ಬಾಯ್ಲರಿನದು ಎಂದಾದರೆ, ಆ ವಿನ್ಯಾಸಕ್ಕೆ ಪೇಟೆಂಟ್ ಸಿಕ್ಕಿದ್ದು 1844ರಲ್ಲಾದ್ದರಿಂದ, ಕಟ್ಟಣೆ ಅದಕ್ಕಿಂತ ಹಳೆಯದಲ್ಲ. ಇಟ್ಟಿಗೆಯ ಗಾತ್ರವೂ ಸಾಕ್ಷಿ. ಬ್ರಿಟನ್ನಿನಲ್ಲಿ 1784ರಿಂದ 1850ರವರೆಗೆ ಇಟ್ಟಿಗೆಗೆ ಎಣಿಕೆಯ ಲೆಕ್ಕದಲ್ಲಿ ತೆರಿಗೆ ಇತ್ತು. ಕೆಲವರು ದೊಡ್ಡ ಇಟ್ಟಿಗೆ ಸುಟ್ಟು ತೆರಿಗೆ ಉಳಿಸಲು ನೋಡಿದರು. 1803ರಲ್ಲಿ ಸರ್ಕಾರ ದೊಡ್ಡ ಇಟ್ಟಿಗೆಗೆ ದುಪ್ಪಟ್ಟು ತೆರಿಗೆ ಹಾಕಿತು. ಆದರೆ ಹಳೆಯ ಇಟ್ಟಿಗೆಯನ್ನೇ ಮತ್ತೆ ಬಳಸುವುದು ಸಾಮಾನ್ಯ, ಅದೊಂದನ್ನೇ ನಂಬಿ ಕಾಲ ನಿರ್ಣಯಿಸುವವರು ಎಡವುತ್ತಾರೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನೋಡಲು ಬರುವವರೆಲ್ಲ ಕಾರ್ಖಾನೆಯ ಮೊದಲ ರೂಪವನ್ನು ಹುಡುಕುತ್ತಾರೆ. ನಾನು ತೇಪೆಗಳನ್ನು ಹುಡುಕುತ್ತೇನೆ. ಮುಚ್ಚಿದ ಬಾಗಿಲು, ಅಡ್ಡ ಕೊರೆದ ಹೊಗೆಮಾರ್ಗ, ಎರಡು ಸಲ ಎತ್ತರಿಸಿದ ನೆಲ ಇವುಗಳಲ್ಲಿ ದಾಖಲೆಗಳು ಹೇಳದ ಸಂಗತಿ ಇರುತ್ತದೆ. ಯಾವುದು ಅಂದುಕೊಂಡಂತೆ ನಡೆಯಲಿಲ್ಲ ಎಂಬುದನ್ನು ಯಾವ ಮಾಲೀಕನೂ ಜಾಹೀರಾತಿನಲ್ಲಿ ಬರೆಯುವುದಿಲ್ಲ. ಮ್ಯಾಂಚೆಸ್ಟರಿನ ಶೂಡ್‌ಹಿಲ್‌ನಲ್ಲಿ 1780ರ ದಶಕದ ಆರಂಭದಲ್ಲಿ ನೂಲುವ ಯಂತ್ರಗಳಿಗೆ ಹೆಸರಾದ ಉದ್ಯಮಿ ರಿಚರ್ಡ್ ಆರ್ಕ್‌ರೈಟ್ ಮತ್ತು ಪಾಲುದಾರರು ಕಟ್ಟಿಸಿದ ನೂಲಿನ ಗಿರಣಿಯನ್ನು ನೋಡಿ. ಉಗಿಯಂತ್ರದಿಂದ ನೇರವಾಗಿ ನೂಲುವ ಯಂತ್ರಗಳನ್ನು ನಡೆಸುವ ಪ್ರಯತ್ನ ಕೈಗೂಡಲಿಲ್ಲ. ಕೊನೆಗೆ ಆ ಯಂತ್ರದಿಂದ ನೀರನ್ನು ಮೇಲೆತ್ತಿ, ಆ ನೀರಿನಿಂದ ನೀರುಚಕ್ರ ತಿರುಗಿಸಿ ಗಿರಣಿ ನಡೆಸಿದರು. 1940ರ ಬಾಂಬ್ ದಾಳಿಯಲ್ಲಿ ಕಟ್ಟಡ ನಾಶವಾಯಿತು. ಆ ಜಾಗದಲ್ಲಿ 2005ರಲ್ಲಿ ಉತ್ಖನನ ನಡೆಯುವಾಗ ಅದರ ಮೇಲೆ ಇದ್ದದ್ದು ವಾಹನ ನಿಲ್ಲಿಸುವ ಜಾಗ.

ಬರ್ಮಿಂಗ್‌ಹ್ಯಾಮ್‌ನ ಕರ್ಜನ್ ಸ್ಟ್ರೀಟ್‌ನಲ್ಲಿ ಹೈಸ್ಪೀಡ್ ರೈಲ್ವೆಯ ಹೊಸ ನಿಲ್ದಾಣಕ್ಕೆ ಜಾಗ ಸಿದ್ಧಪಡಿಸುವ ಮೊದಲು ಅಗೆದಾಗ 1837ರ ರೈಲು ಎಂಜಿನ್ ಶೆಡ್ಡಿನ ತಳ ಸಿಕ್ಕಿತು. ವೃತ್ತಾಕಾರದ ಹೊರಗೋಡೆ, ನಡುವೆ ಎಂಜಿನ್ ತಿರುಗಿಸುವ ಪೀಠದ ನೆಲೆ, ಸುತ್ತ ಪರೀಕ್ಷಾ ಗುಂಡಿಗಳು. ರೈಲ್ವೆ ಎಂಜಿನಿಯರ್ ರಾಬರ್ಟ್ ಸ್ಟೀಫನ್‌ಸನ್‌ನ ವಿನ್ಯಾಸವಿದು. ಜಗತ್ತಿನ ಅತಿ ಹಳೆಯ ವೃತ್ತಾಕಾರದ ಎಂಜಿನ್ ಶೆಡ್ ಇದೇ ಇರಬೇಕೆಂದು ತಜ್ಞರ ಅಭಿಪ್ರಾಯ. ಎಂಜಿನ್ ಶೆಡ್ಡಿದ್ದ ಜಾಗದಲ್ಲೇ ಮತ್ತೆ ರೈಲು ನಿಲ್ದಾಣ ಬರುತ್ತಿರುವುದು ನನಗೆ ಹಿತವೆನಿಸುವ ಸಂಗತಿ.

ಸಣ್ಣ ಪುರಾವೆಗಳೂ ಕಡಿಮೆಯಲ್ಲ. ಕಾದ ಕಬ್ಬಿಣಕ್ಕೆ ಸುತ್ತಿಗೆ ಬಿದ್ದಾಗ ಉದುರುವ ಚಕ್ಕೆಗಳು ಕಣ್ಣಿಗೆ ಧೂಳಿನಂತೆ ಕಾಣುತ್ತವೆ. ನೆಲವನ್ನು ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಮಣ್ಣಿನಲ್ಲಿ ಅಯಸ್ಕಾಂತ ಆಡಿಸಿ, ಸಿಕ್ಕ ಚಕ್ಕೆಗಳನ್ನು ತೂಗಿದರೆ ಕಬ್ಬಿಣವನ್ನಿಟ್ಟು ಬಡಿಯುತ್ತಿದ್ದ ಅಡಿಗಲ್ಲು ಎಲ್ಲಿತ್ತು, ಕಮ್ಮಾರ ಎಲ್ಲಿ ನಿಲ್ಲುತ್ತಿದ್ದ ಎಂದು ತೋರಿಸಬಹುದು. ಅಗೆಯುವ ಯಂತ್ರದ ಬಕೆಟ್ ಒಮ್ಮೆ ಆ ನೆಲ ಕೆರೆದರೆ ಈ ಸಾಕ್ಷ್ಯ ಹೋದಂತೆಯೇ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸುತ್ತಿದ್ದ ಕುಲುಮೆಗಳ ಕೆಳಗಿನ ನೆಲಮಾಳಿಗೆಗಳು ಹಲವು ಕಡೆ ಸಿಕ್ಕಿವೆ. ಬೆಂಕಿಗೆ ಗಾಳಿ ಹೋಗುತ್ತಿದ್ದದ್ದು ಅಲ್ಲಿಂದ. ಬೂದಿ ಎಳೆಯುತ್ತಿದ್ದ ಹುಡುಗರ ಕೆಲಸದ ಜಾಗವೂ ಅದೇ. ಆ ಮಾಳಿಗೆಯ ಅಗಲ, ಎತ್ತರವನ್ನು ಅಳೆಯುವಾಗ ನಾವು ಅಳೆಯುತ್ತಿರುವುದು ಒಬ್ಬ ಹುಡುಗ ಇಡೀ ದಿನ ಬಗ್ಗಿ ದುಡಿದ ಜಾಗವನ್ನು.

ಮಣ್ಣಿನಲ್ಲಿ ವಿಷವಿದ್ದಾಗ ಕಷ್ಟ ಹೆಚ್ಚುತ್ತದೆ. ಕಲ್ಲಿದ್ದಲಿನಿಂದ ದೀಪದ ಅನಿಲ ತಯಾರಿಸುತ್ತಿದ್ದ ಕಾರ್ಖಾನೆಗಳು ಹತ್ತೊಂಬತ್ತನೆಯ ಶತಮಾನದ ನಗರಗಳಲ್ಲಿ ಎಲ್ಲೆಡೆ ಇದ್ದವು. ಅನಿಲ ಶೇಖರಿಸುವ ತೊಟ್ಟಿಗಳನ್ನು ನೆಲ ಅಗೆದು ಇಟ್ಟಿಗೆಯಿಂದ ಕಟ್ಟಿ, ಅನಿಲ ಸೋರದಂತೆ ನೀರು ತುಂಬುತ್ತಿದ್ದರು. ಕೆಲವದರ ನಡುವೆ, ಅಗೆಯುವ ಶ್ರಮ ಉಳಿಸಲು, ಮಣ್ಣಿನ ದಿಬ್ಬವನ್ನು ಹಾಗೆಯೇ ಬಿಟ್ಟಿರುತ್ತಾರೆ. ತಳದಲ್ಲಿ ಡಾಂಬರು ನಿಂತಿರುತ್ತದೆ. ಅನಿಲ ಶುದ್ಧೀಕರಣದ ತ್ಯಾಜ್ಯ ಸುರಿದ ಕಡೆ ಮಣ್ಣು ಸಯನೈಡ್ ಸಂಯುಕ್ತಗಳಿಂದ ಗಾಢ ನೀಲಿಯಾಗಿರುತ್ತದೆ. ಅಲ್ಲಿ ಬರಿಗೈಯಲ್ಲಿ ಕರಣೆ ಹಿಡಿದು ಕೂರಲಾಗದು. ಮಣ್ಣು ಶುದ್ಧಗೊಳಿಸುವ ಎಂಜಿನಿಯರುಗಳು ಎಲ್ಲವನ್ನೂ ಬಾಚಿ ಲಾರಿಗೆ ತುಂಬಲು ಬಯಸುತ್ತಾರೆ, ಜನರ ಆರೋಗ್ಯದ ದೃಷ್ಟಿಯಿಂದ ಅವರು ಹೇಳುವುದು ಸರಿ. ಅವರ ಪರೀಕ್ಷಾ ಗುಂಡಿಗಳನ್ನೂ ನಮ್ಮವನ್ನೂ ಒಂದೇ ಯೋಜನೆಯಲ್ಲಿ ಸೇರಿಸಿದರೆ ಇಬ್ಬರ ಕೆಲಸವೂ ಆಗುತ್ತದೆ. ಇದಕ್ಕೆ ಬೇಕಾದದ್ದು ಮೊದಲ ಸಭೆಗೆ ಇಬ್ಬರನ್ನೂ ಕರೆಯುವ ಯಜಮಾನ.

ಸಿಕ್ಕಿದ್ದೆಲ್ಲವನ್ನೂ ಉಳಿಸಬೇಕೆಂದು ನಾನು ವಾದಿಸುವುದಿಲ್ಲ. ನಗರ ಬದುಕಬೇಕು. ಗಾಜಿನ ನೆಲದ ಕೆಳಗೆ ಗೋಡೆ ತೋರಿಸುವ ಚಾಳಿಯಂತೂ ನನಗೆ ಒಪ್ಪಿಗೆಯಿಲ್ಲ. ಒಳಗೆ ತೇವ ಕಟ್ಟಿ ಗಾಜು ಮಂಜಾಗುತ್ತದೆ, ಇಟ್ಟಿಗೆಯ ಮೇಲೆ ಪಾಚಿ ಬೆಳೆಯುತ್ತದೆ, ನಿರ್ವಹಣೆಯ ಹಣ ನಿಂತ ಮೇಲೆ ಅದರ ಮೇಲೆ ರತ್ನಗಂಬಳಿ ಹಾಸುತ್ತಾರೆ. ಅದಕ್ಕಿಂತ ಪೈಲ್‌ಗಳನ್ನು ಕೆಲವು ಅಡಿ ಸರಿಸಿ, ಅವಶೇಷದ ಮೇಲೆ ಬಟ್ಟೆಯ ಪದರ ಹಾಸಿ, ಮರಳು ತುಂಬಿ, ಮತ್ತೆ ಮುಚ್ಚುವುದು ಮೇಲು. ಇದು ಸಾಧ್ಯವಾಗುವುದು ನಕ್ಷೆ ಇನ್ನೂ ಕಾಗದದ ಮೇಲಿರುವಾಗ. ಪುರಾತತ್ತ್ವಜ್ಞರು ಮತ್ತು ಯೋಜಕರು ಆರಂಭದಿಂದಲೇ ಸಮಾಲೋಚಿಸಬೇಕೆಂದು ಯುರೋಪಿನ 1992ರ ವಲೆಟ್ಟಾ ಒಪ್ಪಂದ ಹೇಳುವುದು ಇದಕ್ಕಾಗಿಯೇ.

ಕಾರ್ಖಾನೆ ಇಪ್ಪತ್ತನೆಯ ಶತಮಾನದಲ್ಲೂ ನಡೆದಿದ್ದರೆ ಅಲ್ಲಿ ದುಡಿದವರು ಇನ್ನೂ ಇರಬಹುದು. ನಕ್ಷೆಯಲ್ಲಿಲ್ಲದ ಗುಂಡಿಯೊಂದು ಯಾತಕ್ಕೆಂದು ನಾವು ತಲೆ ಕೆಡಿಸಿಕೊಂಡಿರುವಾಗ, ಅಲ್ಲಿ ಫಿಟ್ಟರ್ ಆಗಿದ್ದವರಿಗೆ ಅದನ್ನು ಹೇಳಲು ಒಂದು ನಿಮಿಷ ಸಾಕು. ಉತ್ಖನನದ ಆಯವ್ಯಯದಲ್ಲಿ ಡ್ರೋನ್ ಚಿತ್ರೀಕರಣಕ್ಕೆ, ಲೇಸರ್ ಅಳತೆಗೆ ಹಣ ಇಡುತ್ತಾರೆ. ಈ ಹಿರಿಯರನ್ನು ವಾಹನ ಮಾಡಿ ಕರೆತಂದು, ಅವರು ಹೇಳುವುದನ್ನು ಧ್ವನಿಮುದ್ರಿಸಲೂ ಅದೇ ಪಟ್ಟಿಯಲ್ಲಿ ಒಂದು ಸಾಲು ಬರೆಯಬೇಕು. ಅವರನ್ನು ಕರೆಸಬೇಕಾದದ್ದು ಗುಂಡಿ ಇನ್ನೂ ತೆರೆದಿರುವಾಗ, ವರದಿ ಅಚ್ಚಾದ ಮೇಲಲ್ಲ.