ರೇಷ್ಮೆ ಸೊಪ್ಪಿನ ಹಾಲು ಮತ್ತು ನಮ್ಮ ರಕ್ತದ ಸಕ್ಕರೆ

ರೇಷ್ಮೆ ಹುಳು ಮೇಯುವ ಸೊಪ್ಪು ಬೇರೆ ಎಷ್ಟೋ ಹುಳುಗಳಿಗೆ ವಿಷ. ಮಳವಳ್ಳಿ, ಟಿ. ನರಸೀಪುರದ ಕಡೆ ಹುಳು ಸಾಕುವವರಿಗೆ ಈ ಮಾತು ನಂಬೋದು ಕಷ್ಟ. ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹಂತ) ಬಿಟ್ಟ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಅಲ್ವಾ? ಆದರೆ ಹಿಪ್ಪುನೇರಳೆಯ ಒಂದು ಎಳೆ ಎಲೆ ಕಿತ್ತು ಅದರ ತೊಟ್ಟನ್ನು ನೋಡಿ. ಬಿಳಿ ಹಾಲು ಹನಿಯುತ್ತದೆ, ಬೆರಳಿಗೆ ಅಂಟುತ್ತದೆ. ಗುಟ್ಟು ಆ ಹಾಲಿನಲ್ಲಿದೆ.

ಹರಳೆಲೆ ತಿನ್ನುವ ಎರಿ ಹುಳುವಿಗೆ ಈ ಸೊಪ್ಪು ಕೊಟ್ಟರೆ ಸಾಯುತ್ತದೆ. ಹಾಲು ತೆಗೆದ ಸೊಪ್ಪು ಕೊಟ್ಟರೆ ಆ ವಿಷ ಇರುವುದಿಲ್ಲ. ಜಪಾನಿನ ವಿಜ್ಞಾನಿಗಳು 2006ರಲ್ಲಿ ಇದನ್ನು ತೋರಿಸಿಕೊಟ್ಟರು. ಹಾಲಿನಲ್ಲಿರುವ ಮುಖ್ಯ ವಸ್ತುಗಳಲ್ಲಿ ಒಂದರ ಹೆಸರು ಡಿಆಕ್ಸಿನೊಜಿರಿಮೈಸಿನ್. ಡಿಎನ್‌ಜೆ ಅಂದರೆ ಸಾಕು.

ಡಿಎನ್‌ಜೆ ನೋಡಲು ಹೆಚ್ಚುಕಡಿಮೆ ಗ್ಲೂಕೋಸ್. ಉಂಗುರದಲ್ಲಿ ಆಮ್ಲಜನಕ ಇರಬೇಕಾದ ಕಡೆ ಸಾರಜನಕ ಕೂತಿದೆ, ಮುಖ್ಯ ವ್ಯತ್ಯಾಸ ಅದೇ. ಆ ಸಣ್ಣ ಬದಲಾವಣೆಯೇ ನನಗೆ ಎಲ್ಲಕ್ಕಿಂತ ಸೊಗಸಾಗಿ ಕಾಣುವುದು. ಸಕ್ಕರೆಯನ್ನು ಕತ್ತರಿಸುವ ಕಿಣ್ವಗಳು ಕರುಳಿನ ಗೋಡೆಯಲ್ಲಿರುತ್ತವೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಡಿಎನ್‌ಜೆ ಮಾಡುವುದು ಅದನ್ನೇ. ಕಿಣ್ವದ ಸೀಟಿನಲ್ಲಿ ಟವೆಲ್ ಬಿದ್ದಿರುತ್ತದೆ, ಕೂರುವವರು ಯಾರೂ ಇಲ್ಲ. ನಿಜವಾದ ಸಕ್ಕರೆ ನಿಂತೇ ಇರಬೇಕು. ಟವೆಲ್‌ಗಳು ಜಾಸ್ತಿಯಾದಷ್ಟೂ ನಿಲ್ಲುವವರು ಜಾಸ್ತಿ. ಸಕ್ಕರೆ ಒಡೆಯುವುದು ನಿಧಾನವಾಗುತ್ತದೆ. ಬೇರೆ ಹುಳು ಹೊಟ್ಟೆ ತುಂಬಾ ತಿಂದೂ ಉಪವಾಸ ಬೀಳುತ್ತದೆ.

ರೇಷ್ಮೆ ಹುಳು ಹೇಗೆ ಬಚಾವಾಯಿತು? ಅದರ ಕಿಣ್ವಗಳು ಡಿಎನ್‌ಜೆಗೆ ಅಷ್ಟಾಗಿ ಬಗ್ಗುವುದಿಲ್ಲ. ಜೊತೆಗೆ, ಯಾವುದೋ ಕಾಲದಲ್ಲಿ ಬ್ಯಾಕ್ಟೀರಿಯಾದಿಂದ ಬಂದ ಒಂದು ಜೀನ್ ಅದರಲ್ಲಿದೆ. ಆ ಜೀನ್ ಕೊಡುವ ಕಿಣ್ವ ಸಕ್ಕರೆಯನ್ನು ಇನ್ನೊಂದು ತುದಿಯಿಂದ ಹಿಡಿದು ಕತ್ತರಿಸುತ್ತದೆ. ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಜನ ಕಳಿಸಿ ಹುಳು ತರಿಸಿದಾಗ, 1912ರಲ್ಲಿ ಮೈಸೂರಿನಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾದಾಗ, ಈ ಲೆಕ್ಕ ಯಾರಿಗೂ ಗೊತ್ತಿರಲಿಲ್ಲ. ಡಿಎನ್‌ಜೆಯನ್ನು ಹಿಪ್ಪುನೇರಳೆಯಿಂದ ಬೇರ್ಪಡಿಸಿದ್ದೇ 1976ರಲ್ಲಿ, ಅದೂ ಬೇರಿನ ತೊಗಟೆಯಿಂದ.

ನಮ್ಮ ಸಣ್ಣ ಕರುಳಿನಲ್ಲೂ ಇಂಥದೇ ಕಿಣ್ವಗಳಿವೆ. ಮುದ್ದೆಯ ಪಿಷ್ಟವಾಗಲಿ, ಕಾಫಿಯ ಸಕ್ಕರೆಯಾಗಲಿ, ಕೊನೆಗೆ ಅವುಗಳ ಕೈ ದಾಟಿಯೇ ರಕ್ತಕ್ಕೆ ಹೋಗಬೇಕು. ಹಾಗಾಗಿ ಈ ಸೊಪ್ಪಿನ ಮೇಲೆ ವಿಜ್ಞಾನಿಗಳ ಕಣ್ಣು ಬಿತ್ತು.

ಡಿಎನ್‌ಜೆ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಒಣಗಿಸಿದ ಸೊಪ್ಪನ್ನು ಪುಡಿ ಮಾಡಿ, ನೀರಿನಲ್ಲೋ ನೀರು ಬೆರೆಸಿದ ಆಲ್ಕೋಹಾಲಿನಲ್ಲೋ ನೆನೆಸಿ ಸೋಸುತ್ತಾರೆ. ಕಡಿಮೆ ಒತ್ತಡದಲ್ಲಿ ದ್ರವವನ್ನು ಆರಿಸುತ್ತಾರೆ. ಸಿಗುವುದು ಮಾತ್ರ ಚಿಟಿಕೆಯಷ್ಟು: ಸಾಮಾನ್ಯವಾಗಿ ಒಣ ಸೊಪ್ಪಿನಲ್ಲಿ ಸುಮಾರು 0.1 ಶೇಕಡಾ, ಅಂದರೆ ಕಿಲೋಗೆ 1 ಗ್ರಾಂ. ಎಳೆ ಚಿಗುರಿನಲ್ಲಿ ಹೆಚ್ಚು, ಬಲಿತ ಎಲೆಯಲ್ಲಿ ಕಡಿಮೆ.

ಪರೀಕ್ಷೆ ಮೊದಲು ಗಾಜಿನ ಕೊಳವೆಯಲ್ಲಿ, ಆಮೇಲೆ ಇಲಿಗಳಲ್ಲಿ, ಕೊನೆಗೆ ಮನುಷ್ಯರಲ್ಲಿ. ಜಪಾನಿನಲ್ಲಿ 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಡಿಎನ್‌ಜೆಯನ್ನು 1.5 ಶೇಕಡಾಕ್ಕೆ ಏರಿಸಿದ ಪುಡಿ ಬಳಸಿದ್ದರು. ಅದರಲ್ಲಿ 1.2 ಗ್ರಾಂ ತಿಂದ ಆರೋಗ್ಯವಂತರಿಗೆ, ಸಕ್ಕರೆ ಕುಡಿದ ಮೇಲೆ ರಕ್ತದ ಗ್ಲೂಕೋಸ್ ಅಷ್ಟು ಎತ್ತರಕ್ಕೆ ಏರಲಿಲ್ಲ. ಅಷ್ಟೇ ಡಿಎನ್‌ಜೆ ಮಾಮೂಲಿ ಸೊಪ್ಪಿನ ಪುಡಿಯಿಂದ ಬೇಕಾದರೆ ಸುಮಾರು 18 ಗ್ರಾಂ ತಿನ್ನಬೇಕು.

ವಾಟ್ಸಾಪ್‌ನಲ್ಲಿ ಓಡಾಡುವ ‘ಈ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಬುಡಸಮೇತ ಮಾಯ’ ಅನ್ನುವ ಮಾತು ನೋಡಿದರೆ ನನಗೆ ಭಯವಾಗುತ್ತದೆ. ಟವೆಲ್ ಹಾಕುವುದರಿಂದ ಇನ್ಸುಲಿನ್ ಹುಟ್ಟುವುದಿಲ್ಲ. ಊಟದ ನಂತರದ ಏರಿಕೆ ತಗ್ಗುತ್ತದೆ, ಅಷ್ಟೇ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಹೋಗಿ ಗ್ಯಾಸ್ ಮಾಡುತ್ತದೆ. ಇನ್ಸುಲಿನ್ ನಿಲ್ಲಿಸಿ ಕಷಾಯ ಹಿಡಿದವರಿಗೆ ಜೀವಕ್ಕೇ ಅಪಾಯ.

ಡಿಎನ್‌ಜೆಯ ರಚನೆಯನ್ನೇ ಸ್ವಲ್ಪ ಬದಲಿಸಿ ಮಾಡಿದ ಮಿಗ್ಲಿಟಾಲ್ ಮಾತ್ರೆ ಈಗ ಬಳಕೆಯಲ್ಲಿದೆ. ಅದನ್ನು ಇನ್ಸುಲಿನ್ ಜೊತೆ ತೆಗೆದುಕೊಳ್ಳುವವರಿಗೆ ವೈದ್ಯರು ಒಂದು ಎಚ್ಚರಿಕೆ ಹೇಳುತ್ತಾರೆ. ಸಕ್ಕರೆ ತೀರಾ ಇಳಿದು ಕೈ ನಡುಗಿ ಬೆವರಿದರೆ, ಅಡುಗೆಮನೆಯ ಸಕ್ಕರೆ ಬಾಯಿಗೆ ಹಾಕಿಕೊಂಡು ಕಾಯಬಾರದು. ಅದನ್ನು ಒಡೆಯುವ ಕಿಣ್ವಕ್ಕೇ ತಡೆ ಬಿದ್ದಿರುತ್ತದೆ. ಗ್ಲೂಕೋಸ್ ಪುಡಿಯನ್ನೇ ತಿನ್ನಬೇಕು, ಅದನ್ನು ಒಡೆಯುವ ಅಗತ್ಯ ಇಲ್ಲ. ಔಷಧಿಯ ಜೊತೆಗೆ ಈ ಸೊಪ್ಪಿನ ಪುಡಿಯನ್ನೂ ದಿನಾ ತಿನ್ನುವವರು ವೈದ್ಯರಿಗೆ ತಿಳಿಸಿರಬೇಕು, ಗ್ಲೂಕೋಸ್ ಪೊಟ್ಟಣವನ್ನು ಕೈಗೆಟುಕುವ ಕಡೆ ಇಟ್ಟಿರಬೇಕು.