ಅರಳುಮರಳು ಎನ್ನುವ ಮುನ್ನ

ಮಳೆಗಾಲ ಹಿಡಿದರೆ ಶಿರಸಿಯ ನಮ್ಮ ಅಡಿಕೆ ತೋಟದ ಕಾಲುವೆಯಂಚಿನಲ್ಲಿ ಒಂದೆಲಗ ಹಬ್ಬಿಕೊಳ್ಳುತ್ತದೆ. ಆಯಿ ಅದನ್ನು ಬೇರುಸಮೇತ ಕಿತ್ತು ತರುತ್ತಾಳೆ. ಮಣ್ಣು ಬಿಡುವವರೆಗೆ ತೊಳೆದು, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ಬೀಸಿ ಮಜ್ಜಿಗೆ ಬೆರೆಸಿದರೆ ತಂಬುಳಿ. ‘ಉಣ್ಣು, ನೆನಪು ಚುರುಕಾಗ್ತು’ ಎಂದು ಬಡಿಸುತ್ತಿದ್ದ ಅವಳೇ ಎಪ್ಪತ್ತೆರಡರ ಹೊತ್ತಿಗೆ ಮರೆಯತೊಡಗಿದಳು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಸೀದು ಹೋಗುತ್ತಿತ್ತು. ಮೊಮ್ಮಕ್ಕಳ ಹೆಸರು ಅದಲುಬದಲಾಗುತ್ತಿತ್ತು. ಪಾದಕ್ಕೆ ಸದಾ ಜೋಮು. ಅರಳುಮರಳು ಬಿಡು ಎಂದು ನಾವೆಲ್ಲ ಒಂದು ವರ್ಷ ಸುಮ್ಮನಿದ್ದೆವು. ಆ ಒಂದು ವರ್ಷ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿ12 ವಿಟಮಿನ್ ತಳ ಕಂಡಿತ್ತು.

ಬಿ12 ಅನ್ನು ಗಿಡವೂ ತಯಾರಿಸುವುದಿಲ್ಲ, ಪ್ರಾಣಿಯೂ ತಯಾರಿಸುವುದಿಲ್ಲ. ಅದು ಸೂಕ್ಷ್ಮಾಣುಗಳ ಕೆಲಸ. ಮೀನು, ಮಾಂಸ, ಮೊಟ್ಟೆ, ಹಾಲಿನ ಮೂಲಕ ನಮಗೆ ದಕ್ಕಬೇಕು. ದಿನಕ್ಕೆ ಬೇಕಾದದ್ದು ಎರಡೂವರೆ ಮೈಕ್ರೋಗ್ರಾಂ ಆಸುಪಾಸು, ಅಂದರೆ ಒಂದು ಗ್ರಾಮನ್ನು ನಾಲ್ಕು ಲಕ್ಷ ಪಾಲು ಮಾಡಿದರೆ ಅದರಲ್ಲೊಂದು. ಅಷ್ಟೂ ಸಿಗದಿದ್ದರೆ ನರತಂತುವಿನ ಮೇಲಿನ ಮಯಲಿನ್ ಹೊದಿಕೆ ಸವೆಯುತ್ತದೆ, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ತಂಬುಳಿಯ ನೀರುಮಜ್ಜಿಗೆಯಲ್ಲಿ ಬಿ12 ಇರುವುದೇ ಅಷ್ಟಕ್ಕಷ್ಟೆ. ವಯಸ್ಸಾದಂತೆ ಜಠರದ ಆಮ್ಲ ತಗ್ಗಿ, ಊಟದಲ್ಲಿದ್ದದ್ದೂ ಮೈಗೆ ಹತ್ತುವುದಿಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಗ್ಯಾಸ್ಟ್ರಿಕ್ ಎಂದು ವರ್ಷಗಟ್ಟಲೆ ನುಂಗುವ ಮಾತ್ರೆ ಇವೂ ಅದನ್ನು ತಗ್ಗಿಸಬಲ್ಲವು. ಬಿ12 ಕೊರತೆಯಿಂದ ಬರುವ ಈ ಮರೆವು ಅಲ್ಝೈಮರ್ ಅಲ್ಲ. ಆದರೆ ಮನೆಯವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ತಡಮಾಡದಿದ್ದರೆ ಇದಕ್ಕೆ ಮದ್ದಿದೆ.

ಘಟ್ಟ ಇಳಿದು ಕಾರವಾರಕ್ಕೆ ಹೋದರೆ ಮಾತೇ ಬೇರೆ. ಅಲ್ಲಿನ ಬಂಗಡೆ, ತಾರ್ಲೆ ಮೀನುಗಳಲ್ಲಿ ಬಿ12 ಧಾರಾಳವಾಗಿದೆ. ಜೊತೆಗೆ ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬೂ ಇದೆ. ನೀರಿನಂಶ ಕಳೆದರೆ ಮೆದುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ನರಕೋಶಗಳ ಪೊರೆ ಮೃದುವಾಗಿ ಉಳಿಯಲು ಡಿಎಚ್‌ಎ ಬೇಕು. ಅಗಸೆ ಬೀಜದಲ್ಲೂ ಒಮೆಗಾ-3 ಇದೆ, ಆದರೆ ನಮ್ಮ ದೇಹ ಅದರಲ್ಲಿ ತೀರಾ ಸ್ವಲ್ಪವನ್ನಷ್ಟೇ ಡಿಎಚ್‌ಎ ಮಾಡಿಕೊಳ್ಳುತ್ತದೆ. 2010ರಲ್ಲಿ ಆಕ್ಸ್‌ಫರ್ಡ್‌ನ ಸಂಶೋಧಕರು ಮರೆವು ಆಗಷ್ಟೇ ಶುರುವಾಗಿದ್ದ ಹಿರಿಯರಿಗೆ ಎರಡು ವರ್ಷ ಫೋಲಿಕ್ ಆಮ್ಲ, ಬಿ6, ಬಿ12 ಕೊಟ್ಟು ನೋಡಿದರು. ಮೆದುಳು ಕುಗ್ಗುವ ವೇಗ ಸುಮಾರು ಶೇ 30ರಷ್ಟು ಇಳಿಯಿತು. ಅದೇ ಮಾಹಿತಿಯನ್ನು ಮತ್ತೆ ಜಾಲಾಡಿದಾಗ, ಲಾಭ ಕಂಡದ್ದು ರಕ್ತದಲ್ಲಿ ಒಮೆಗಾ-3 ಚೆನ್ನಾಗಿದ್ದವರಲ್ಲಿ ಎಂದು ತಿಳಿಯಿತು. ನನಗೆ ಬಹಳ ಮುಖ್ಯವೆನಿಸಿದ ಸಂಗತಿ ಇದು. ಒಂದು ಪೋಷಕಾಂಶಕ್ಕೆ ಇನ್ನೊಂದರ ಆಸರೆ ಬೇಕು.

ನಮ್ಮ ಅಡುಗೆಮನೆಯಲ್ಲೂ ಅಂಥದೇ ಜೋಡಿಯಿದೆ. ಅರಿಸಿನದ ಕರ್ಕ್ಯುಮಿನ್ ಒಂಟಿಯಾಗಿ ಹೋದರೆ ರಕ್ತಕ್ಕೆ ಸೇರುವುದು ಅತ್ಯಲ್ಪ. ಕಾಳುಮೆಣಸಿನ ಪೈಪರಿನ್ ಜೊತೆಗಿದ್ದರೆ ಹೀರಿಕೆ ಸುಮಾರು 20 ಪಟ್ಟು ಹೆಚ್ಚುತ್ತದೆಂದು 1998ರಲ್ಲಿ ಬೆಂಗಳೂರಿನ ಸಂಶೋಧಕರು ತೋರಿಸಿದರು. ಹಾಗೆಂದು ಅರಿಸಿನದಿಂದ ಅಲ್ಝೈಮರ್ ನಿಲ್ಲುತ್ತದೆ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಇಡೀ ಊಟದ ಕ್ರಮವೇ ಮೆದುಳನ್ನು ಕಾಯುತ್ತದೆಯೇ? ಸೊಪ್ಪು, ಬೆರ್ರಿ ಹಣ್ಣು, ಕಾಳು, ಮೀನಿಗೆ ಒತ್ತು ಕೊಡುವ ಮೈಂಡ್ ಆಹಾರಕ್ರಮವನ್ನು ಕಟ್ಟುನಿಟ್ಟಾಗಿ ಪಾಲಿಸಿದವರಲ್ಲಿ ಅಲ್ಝೈಮರ್ ಸಾಧ್ಯತೆ ಶೇ 53ರಷ್ಟು ಕಡಿಮೆ ಇತ್ತೆಂದು 2015ರಲ್ಲಿ ಷಿಕಾಗೋದಿಂದ ವರದಿ ಬಂತು. ಆದರೆ ಅದು ಜನರನ್ನು ದೂರದಿಂದ ಗಮನಿಸಿದ ಅಧ್ಯಯನ. 2023ರಲ್ಲಿ 604 ಜನರ ಮೇಲೆ ಮೂರು ವರ್ಷ ಪ್ರಯೋಗ ಮಾಡಿದಾಗ, ಹೋಲಿಕೆಯ ಗುಂಪಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೆದುಳಿನ ಸವೆತ ದಶಕಗಳ ಕಥೆ, ಮೂರು ವರ್ಷ ಅದಕ್ಕೆ ಸಾಲದೇನೋ ಎಂಬುದು ನನ್ನ ಅನಿಸಿಕೆ. ಫಿನ್‌ಲೆಂಡಿನಲ್ಲಿ ಊಟದ ಜೊತೆ ವ್ಯಾಯಾಮ, ಮೆದುಳಿಗೆ ಕಸರತ್ತು, ಬಿಪಿಯ ನಿಗಾ ಎಲ್ಲವನ್ನೂ ಒಟ್ಟಿಗೆ ಮಾಡಿಸಿದಾಗ ಎರಡೇ ವರ್ಷದಲ್ಲಿ ಗ್ರಹಣಶಕ್ತಿಯಲ್ಲಿ ಸುಧಾರಣೆ ಕಂಡಿತ್ತು.

ಬಿ12 ಇಂಜೆಕ್ಷನ್ ಶುರುವಾಗಿ ನಾಲ್ಕು ತಿಂಗಳಾಗುವಷ್ಟರಲ್ಲಿ ಆಯಿ ಮೊಮ್ಮಕ್ಕಳನ್ನು ಸರಿಯಾದ ಹೆಸರಿನಿಂದ ಕರೆಯತೊಡಗಿದಳು. ಪಾದದ ಜೋಮು ಮಾತ್ರ ಪೂರ್ತಿ ಹೋಗಲಿಲ್ಲ. ಈಗ ಬಿ12 ಮಾತ್ರೆಯ ಡಬ್ಬಿ ತುಪ್ಪದ ಗಿಂಡಿಯ ಪಕ್ಕದಲ್ಲೇ ಇರುತ್ತದೆ. ತಂಬುಳಿ ಉಂಡು ಕೈ ತೊಳೆದು ಬಂದು ತಾನೇ ಒಂದು ತೆಗೆದುಕೊಳ್ಳುತ್ತಾಳೆ.