ಕಂತಿಗೆ ರಜೆ, ಬಡ್ಡಿಗೆ ರಜೆ ಇಲ್ಲ

"ಸಾರ್, ನಾವು ತಗೊಂಡಿದ್ದು ಐದು ಲಕ್ಷ. ಇಲ್ಲಿ ಆರು ಮುಕ್ಕಾಲು ತೋರಿಸ್ತಿದೆಯಲ್ಲ?"

ಹೋದ ವಾರ ಒಬ್ಬ ತಂದೆ ಬ್ಯಾಂಕಿನಲ್ಲಿ ನನ್ನ ಮುಂದೆ ಮೊಬೈಲ್ ಹಿಡಿದು ಕೇಳಿದರು. ಎಜುಕೇಶನ್ ಲೋನ್ ತಗೊಂಡು ಓದಿದ ಮಗ ಇಂಜಿನಿಯರಿಂಗ್ ಮುಗಿಸಿ ಒಂದು ವರ್ಷವಾಗಿದೆ. ಮೊದಲ ಕಂತಿನ ಮೆಸೇಜ್ ಬಂದಿದೆ. ಎಲ್ಲೋ ಮೋಸ ಆಗಿದೆ ಅಂತಲೇ ಅವರು ಬಂದಿದ್ದರು. ಇಂಥವರು ತಿಂಗಳಿಗೆ ಇಬ್ಬರು ಮೂವರಾದರೂ ಬರುತ್ತಾರೆ. ಲೋನ್ ಕೊಡುವ ದಿನವೇ ಇದನ್ನು ನಿಧಾನವಾಗಿ ಬಿಡಿಸಿ ಹೇಳಿದ್ದರೆ ಅಂತ ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ.

ಕೋರ್ಸ್ ಮುಗಿಯುವವರೆಗೆ, ಆಮೇಲೆ ಇನ್ನೊಂದು ವರ್ಷ, ಸಾಮಾನ್ಯವಾಗಿ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಹಣ ಬಿಡುಗಡೆಯಾದ ದಿನದಿಂದಲೇ ಓಡುತ್ತಿರುತ್ತದೆ. ಲೆಕ್ಕ ನೋಡಿ. ವರ್ಷಕ್ಕೆ 1.25 ಲಕ್ಷದಂತೆ ನಾಲ್ಕು ವರ್ಷ ಫೀಸ್ ಹೋಯಿತು, ಬಡ್ಡಿ ಶೇ. 10 ಅಂದುಕೊಳ್ಳಿ. ಮೊದಲ ವರ್ಷದ ಹಣಕ್ಕೆ ಐದು ವರ್ಷದ ಬಡ್ಡಿ, 62,500. ಎರಡನೇದಕ್ಕೆ 50,000. ಆಮೇಲೆ 37,500, ಕೊನೆಯದಕ್ಕೆ 25,000. ಸರಳ ಬಡ್ಡಿಯೇ ಆದರೂ ಒಟ್ಟು 1.75 ಲಕ್ಷ. ಕಂತು ಶುರುವಾಗುವ ದಿನ ಇದು ಅಸಲಿಗೆ ಸೇರುತ್ತದೆ. ಅಲ್ಲಿಂದ ಮುಂದೆ ಆ ಬಡ್ಡಿಗೂ ಬಡ್ಡಿ. ಹತ್ತು ವರ್ಷಕ್ಕೆ ಹಾಕಿದರೆ ತಿಂಗಳ ಕಂತು ಸುಮಾರು 8,920 ರೂಪಾಯಿ. ಮೊದಲ ಕಂತಿನಲ್ಲಿ 5,625 ಬಡ್ಡಿಗೇ ಹೋಗುತ್ತದೆ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದಿದ್ದರೆ ಕಂತು 6,610ರ ಆಸುಪಾಸು ಇರುತ್ತಿತ್ತು.

ಮೊದಲ ವರ್ಷ ಆ ಬಡ್ಡಿ ತಿಂಗಳಿಗೆ 1,042 ರೂಪಾಯಿ ಅಷ್ಟೇ. ಕೊನೆಗೆ 4,167ಕ್ಕೆ ಏರುತ್ತದೆ, ಎಲ್ಲರಿಗೂ ಆಗುವ ಮಾತಲ್ಲ, ಗೊತ್ತು. ಪೂರ್ತಿ ಆಗದಿದ್ದರೆ ಆದಷ್ಟು ಕಟ್ಟಿ, ಯಾರೂ ಬೇಡ ಅನ್ನುವುದಿಲ್ಲ. ಓದುವಾಗ ಬಡ್ಡಿ ಕಟ್ಟಿದವರಿಗೆ ದರದಲ್ಲಿ ಶೇ. 1 ಬಿಡುವ ಬ್ಯಾಂಕುಗಳೂ ಇವೆ, ಕೇಳಿ ನೋಡಿ. ಮನೆಯ ವರಮಾನ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಬ್ಸಿಡಿ ಸಿಗಬಹುದು. ಕೋರ್ಸ್, ಕಾಲೇಜು ಎಲ್ಲ ನಿಯಮಕ್ಕೆ ಹೊಂದಬೇಕು, ಹಾಗಾಗಿ ನಿಮಗೆ ಸಿಕ್ಕೇ ಸಿಗುತ್ತದೆ ಅಂತ ನಾನು ಇಲ್ಲಿ ಕೂತು ಹೇಳಲಾರೆ. ವರಮಾನ ಪ್ರಮಾಣಪತ್ರವನ್ನು ಮಾತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ.

ಇನ್ನು, ಮಗನಿಗೆ ಕೆಲಸ ಸಿಕ್ಕಿಲ್ಲ ಅಂತ ಫೋನ್ ಎತ್ತದೆ ಇರುವುದು. ದಯವಿಟ್ಟು ಹಾಗೆ ಮಾಡಬೇಡಿ. ಬಾಕಿ 90 ದಿನ ದಾಟಿದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ, ಆಗುತ್ತದೆ. ಮಗನ ಜೊತೆ ಅಪ್ಪನೂ ಸಾಲಕ್ಕೆ ಸಹಿ ಹಾಕಿದ ಸಹ-ಸಾಲಗಾರನಾಗಿರುವುದರಿಂದ ಅವರ ಸಿಬಿಲ್ ಸ್ಕೋರ್, ಅಂದರೆ ಸಾಲ ಸರಿಯಾಗಿ ಕಟ್ಟಿದ್ದಕ್ಕೆ ಸಿಗುವ ಅಂಕ, ಕೂಡ ಬೀಳುತ್ತದೆ. ನಾಳೆ ಟ್ರ್ಯಾಕ್ಟರ್ ಲೋನಿಗೆ ಹೋದಾಗ ಅದೇ ಅಡ್ಡ ಬರುತ್ತದೆ. ಮೊದಲೇ ಬಂದು ಹೇಳಿದರೆ ಅವಧಿ ಹೆಚ್ಚಿಸಲು ಸಾಧ್ಯವೇ ಅಂತಾದರೂ ನೋಡಬಹುದು, ಅಲ್ವಾ?

ಒಬ್ಬ ತಾಯಿ ನೆನಪಾಗುತ್ತಾರೆ. ಮಗಳು ಬಿಎಸ್‌ಸಿ ನರ್ಸಿಂಗ್. ಡೈರಿಯ ಹಾಲಿನ ದುಡ್ಡು ಬಂದಾಗಲೆಲ್ಲ ಬಂದು ಒಮ್ಮೆ 300, ಒಮ್ಮೆ 500 ಲೋನಿಗೆ ಕಟ್ಟುತ್ತಿದ್ದರು. ಚಲನ್‌ಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದರು. ಮಗಳಿಗೆ ಕೆಲಸ ಸಿಕ್ಕ ಮೇಲೆ ಇಬ್ಬರೂ ಬಂದು ಬಾಕಿ ಎಷ್ಟು ಅಂತ ಕೇಳಿದರು. ನಾನು ಹೇಳುವ ಮೊದಲೇ ಆ ತಾಯಿ ಕವರ್ ಬಿಚ್ಚಿ, ಹೆಚ್ಚುಕಮ್ಮಿ ಸರಿಯಾದ ಮೊತ್ತವನ್ನೇ ಹೇಳಿದರು.